ಅಡುಗೆಮನೆಯ ಲೆಕ್ಕಪುಸ್ತಕ ಯಾರ ಕೈಯಲ್ಲಿದೆ?

(ಅಮಾಸೆಬೈಲಿನಲ್ಲಿ ಗೃಹ ಆಹಾರ ತಯಾರಿಕೆಯಲ್ಲಿ ತೊಡಗಿರುವ ಮಹಿಳೆಯರು ಮತ್ತು ಅವರ ಕುಟುಂಬದವರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಅಮಾಸೆಬೈಲು ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ಎರಡೇ ಸಂಗತಿ. ಒಂದು, ಘಟ್ಟದ ಬುಡದ ಈ ಕಾಡುಗಳಲ್ಲಿ ನಕ್ಸಲರಿಗಾಗಿ ವರ್ಷಗಟ್ಟಲೆ ನಡೆದ ಶೋಧ. ಇನ್ನೊಂದು, ದಿವಂಗತ ಎ.ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಮನೆಮನೆಗೆ ಬಂದ ಸೌರದೀಪ. ಬಂದೂಕು ಮತ್ತು ದೀಪ ಇವೆರಡರ ನಡುವೆ ಇಲ್ಲಿಯ ಅಡುಗೆಮನೆಗಳ ಬಗ್ಗೆ ಯಾರಾದರೂ ಬರೆದದ್ದನ್ನು ನಾವು ಕಂಡಿಲ್ಲ. ಆದರೆ ಬೇಸಗೆಯಲ್ಲಿ ಈ ದಾರಿಯಾಗಿ ಬಂದವರಿಗೆ ಅಂಗಳದ ಚಾಪೆಗಳ ಮೇಲೆ ಸಾಲಾಗಿ ಒಣಗುವ ಹಲಸಿನ ಹಪ್ಪಳ ಕಾಣದಿರಲು ಸಾಧ್ಯವಿಲ್ಲ. ಮಿಡಿ ಉಪ್ಪಿನಕಾಯಿ, ಪುನರ್ಪುಳಿ, ಮಸಾಲೆ ಪುಡಿ, ರಮಝಾನ್ ಬಂದರೆ ಸಮೋಸ, ಪತ್ತಿರ್ ಇವೆಲ್ಲ ನಮ್ಮ ಮನೆಗಳ ಹಿಂಬಾಗಿಲಿನಿಂದ ಪೇಟೆಯ ಅಂಗಡಿಗಳ ಮುಂಬಾಗಿಲಿಗೆ ಹೋಗುತ್ತವೆ. ಇದನ್ನು ಮಾಡುವವರನ್ನು ಉದ್ಯಮಿಗಳು ಎಂದು ನಾವು ಕರೆಯುವುದಿಲ್ಲ. "ಮನೆಯಲ್ಲಿ ಸುಮ್ಮನೆ ಕೂರುವ ಬದಲು ಏನೋ ಸ್ವಲ್ಪ ಮಾಡುತ್ತಾಳೆ" ಎನ್ನುತ್ತೇವೆ. ಈ 'ಏನೋ ಸ್ವಲ್ಪ' ಎಂಬ ಮಾತಿನ ಕುರಿತೇ ಇಂದು ನಾವು ಮಾತನಾಡಬೇಕೆಂದಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ತರಬೇತಿ ನೀಡಲು ಬರುವ ಅಧಿಕಾರಿಗಳು, ಬ್ಯಾಂಕಿನವರು, ಅಷ್ಟೇಕೆ, ನಮ್ಮ ಸಂಘಟನೆಗಳ ಕಾರ್ಯಕರ್ತರು ಕೂಡ, ಈ ಮಹಿಳೆಯರಿಗೆ ಯೋಜನೆ ಹಾಕಲು ಬರುವುದಿಲ್ಲ, ನಿರ್ಧಾರ ಕೈಗೊಳ್ಳಲು ಗೊತ್ತಿಲ್ಲ ಎಂದೇ ಭಾವಿಸುತ್ತಾರೆ. ಇದು ಸತ್ಯಕ್ಕೆ ದೂರವಾದುದು. ಹಲಸಿನ ಕಾಯಿ ತೀರ ಎಳತಾದರೆ ಹಪ್ಪಳಕ್ಕೆ ಬಾರದು. ಹಣ್ಣಾಗತೊಡಗಿದರೆ ಹಿಟ್ಟು ಸಿಹಿಯಾಗಿ ಕೆಲಸ ಕೆಡುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಒಣಗಿಸುವ ಮಾತೇ ಇಲ್ಲ. ಮೇ ತಿಂಗಳ ಬೆಳಿಗ್ಗೆ ಘಟ್ಟದ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಇಂದು ಎಷ್ಟು ಕಾಯಿ ಕೊಯ್ಯಬೇಕು, ಎಷ್ಟು ಬೇಯಿಸಬೇಕೆಂದು ಆಕೆ ತೀರ್ಮಾನಿಸುತ್ತಾಳೆ. ಎರಡು ದಿನ ಮೋಡ ಕವಿದರೆ ಅಷ್ಟಕ್ಕೂ ಬೂಸರು ಹಿಡಿಯುತ್ತದೆ. ಮನೆಯಲ್ಲಿ ಕೈಗೆ ಸಿಗುವವರು ಯಾರು, ಮಗುವಿಗೆ ಜ್ವರವಿದೆಯೇ, ಅತ್ತೆಯ ಮಂಡಿ ನೋವು ಹೇಗಿದೆ ಎಂಬುದೂ ಆ ಲೆಕ್ಕದಲ್ಲಿ ಸೇರುತ್ತದೆ. ಒಂದು ಕಾರ್ಖಾನೆಯ ಮ್ಯಾನೇಜರ್ ಇಷ್ಟನ್ನು ತೂಗಿ ನೋಡಿದರೆ ಅದನ್ನು ನಾವು ವ್ಯವಸ್ಥಾಪನಾ ಕೌಶಲ ಎನ್ನುತ್ತೇವೆ. ಆಕೆ ಮಾಡಿದರೆ ಅದು ಮನೆಗೆಲಸ!

ಅಮೆರಿಕದಲ್ಲಿ ಅಧ್ಯಾಪನ ಮಾಡುತ್ತಿರುವ ಭಾರತೀಯ ಮೂಲದ ವಿದ್ವಾಂಸೆ ಸರಸ್ ಸರಸ್ವತಿಯವರು 2001ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ನುರಿತ ಉದ್ಯಮಿಗಳು ಮೊದಲೇ ದೊಡ್ಡ ಗುರಿಯಿಟ್ಟು ಅದಕ್ಕೆ ಬಂಡವಾಳ ಹುಡುಕುವುದಿಲ್ಲ. ತಾವು ಯಾರು, ತಮಗೇನು ಗೊತ್ತು, ತಮ್ಮನ್ನು ಬಲ್ಲವರು ಯಾರು ಎಂಬಲ್ಲಿಂದ ಹೊರಡುತ್ತಾರೆ. ಎಷ್ಟು ಲಾಭ ಬಂದೀತು ಎನ್ನುವುದಕ್ಕಿಂತ ಎಷ್ಟು ನಷ್ಟವನ್ನು ತಾಳಬಲ್ಲೆ ಎಂದು ಕೇಳಿಕೊಳ್ಳುತ್ತಾರೆ. ಇದು ಅವರ ವಾದ. ಜಗತ್ತಿನ ವಾಣಿಜ್ಯ ಶಾಲೆಗಳಲ್ಲಿ ಇಂದು ಇದನ್ನು ಪಾಠವಾಗಿ ಓದುತ್ತಾರೆ. ನಮ್ಮ ಅಜ್ಜಿಯಂದಿರು ಇದನ್ನು ಓದದೆಯೇ ಮಾಡುತ್ತಿದ್ದರು. ಮನೆಯ ಮರದ ಹಲಸು, ಮನೆಯ ಒಲೆ, ನಂಬುವ ನೆರೆಯವರು. ಹಾಳಾದರೆ ಒಂದು ದಿನದ ದುಡಿಮೆ ಹೋದೀತು, ಮನೆ ಹೋಗದು. ಆದ್ದರಿಂದ ನಮ್ಮ ಸಹೋದರಿಯರಿಗೆ ನಿರ್ಧಾರ ಮಾಡಲು ಕಲಿಸಬೇಕೆಂಬುದನ್ನು ನಾವು ಒಪ್ಪುವುದಿಲ್ಲ. ಅವರು ಮಾಡಬಲ್ಲ ಎರಡು ನಿರ್ಧಾರಗಳನ್ನು ನಾವು ಅವರಿಂದ ಕಸಿದುಕೊಂಡಿದ್ದೇವೆ. ಒಂದು ಬೆಲೆಯ ನಿರ್ಧಾರ, ಇನ್ನೊಂದು ಸಾಲದ ನಿರ್ಧಾರ.

ಬೆಲೆಯ ವಿಷಯವನ್ನು ತೆಗೆದುಕೊಳ್ಳೋಣ. ಲೆಕ್ಕ ಅರ್ಥವಾಗಲೆಂದು ಕೆಲವು ಅಂಕಿಗಳನ್ನು ನಾವೇ ಹಾಕಿಕೊಳ್ಳುತ್ತೇವೆ. ಇದು ಯಾರ ಮನೆಯ ಲೆಕ್ಕವೂ ಅಲ್ಲ. ಇಬ್ಬರು ಮಹಿಳೆಯರು ಒಂದಿಡೀ ದಿನ ಕುಳಿತು 200 ಹಪ್ಪಳ ಮಾಡಿದರೆಂದು ಇಟ್ಟುಕೊಳ್ಳಿ. ಅಂಗಡಿಯವನು ಒಂದಕ್ಕೆ 2 ರೂಪಾಯಿಯಂತೆ 400 ರೂಪಾಯಿ ಕೊಟ್ಟ. ಮೆಣಸು, ಉಪ್ಪು, ಕೊತ್ತಂಬರಿ, ಎಣ್ಣೆಗೆ 90, ಕಟ್ಟಿಗೆ ಮತ್ತು ಪ್ಲಾಸ್ಟಿಕ್ ಚೀಲಕ್ಕೆ 60, ಬಸ್ಸಿಗೆ 50. ಉಳಿದದ್ದು 200. "ಇನ್ನೂರು ಲಾಭ" ಎಂದು ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ಆದರೆ ಇದರಲ್ಲಿ ಲಾಭ ಎಲ್ಲಿದೆ? ತಲಾ 100 ರೂಪಾಯಿಯಂತೆ ಇಬ್ಬರ ದಿನಗೂಲಿ ಮಾತ್ರ ಇದೆ. 2025-26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಮಣ್ಣು ಹೊರುವ ಕೆಲಸಕ್ಕೆ ಸರಕಾರ ಕಟ್ಟಿದ ಬೆಲೆಯ ಮೂರನೆಯ ಒಂದು ಭಾಗಕ್ಕೂ ಕಡಿಮೆ ಬೆಲೆಗೆ, ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಅಂಟಿನೊಡನೆ ಆಕೆ ದಿನವಿಡೀ ಸೆಣಸಿದ್ದಾಳೆ. ಹಲಸಿಗೆ ಬೆಲೆಯಿಲ್ಲ, ಏಕೆಂದರೆ ಅದು ನಮ್ಮ ಮರದ್ದು. ಆಕೆಯ ಸಮಯಕ್ಕೂ ಬೆಲೆಯಿಲ್ಲ, ಏಕೆಂದರೆ ಆಕೆ ನಮ್ಮ ಮನೆಯವಳು!

ಇಲ್ಲಿ ಬಸ್ಸಿನ ಬಗ್ಗೆಯೂ ಒಂದು ಮಾತು. 2023ರ ಜೂನ್ 11ರಿಂದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಆದರೆ ಕರಾವಳಿಯ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಬಯಲುಸೀಮೆಯ ಮಹಿಳೆ ಸಂತೆಗೆ ಪುಕ್ಕಟೆ ಹೋಗಿಬರುವಾಗ ಇಲ್ಲಿಯ ಮಹಿಳೆ ಟಿಕೆಟಿನ ಹಣವನ್ನು ಹಪ್ಪಳದಲ್ಲೇ ಹುಟ್ಟಿಸಬೇಕು. ವಾರಕ್ಕೆ ಎಷ್ಟು ಸಲ ಕುಂದಾಪುರಕ್ಕೆ ಹೋಗಬೇಕು, ಮಾಲನ್ನು ಮನೆಗೇ ಬಂದು ಕೊಳ್ಳುವ ಮಧ್ಯವರ್ತಿಗೆ ಕಡಿಮೆಗೆ ಕೊಡಬೇಕೇ ಎಂಬ ನಿರ್ಧಾರ ಇದರಿಂದಲೇ ಹುಟ್ಟುತ್ತದೆ. ಸೌರದೀಪದ ವಿಷಯವೂ ಹಾಗೆಯೇ. ಮಗ್‌ರಿಬ್‌ನ ನಂತರವೂ ಒಂದು ಗಂಟೆ ಲಟ್ಟಿಸಲು ಅದು ಬೆಳಕು ಕೊಟ್ಟಿತು. ಆದರೆ ದೀಪದಿಂದ ಹಿಟ್ಟು ರುಬ್ಬಲಾಗುವುದಿಲ್ಲ, ಹಪ್ಪಳ ಒಣಗುವುದಿಲ್ಲ. ಕೆಲವೊಮ್ಮೆ ಅದು ಆಕೆಯ ದುಡಿಮೆಯ ಹೊತ್ತನ್ನು ಹೆಚ್ಚಿಸಿದೆಯೇ ಹೊರತು ದುಡಿಮೆಯ ಬೆಲೆಯನ್ನಲ್ಲ.

1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನ ಒಂದು ಕಟ್ಟಡದ ಮಾಳಿಗೆಯಲ್ಲಿ ಏಳು ಮಂದಿ ಗುಜರಾತಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡಿದರು. ಅಂದು ಆದದ್ದು ನಾಲ್ಕು ಕಟ್ಟು. ಅದೇ ಇಂದಿನ ಲಿಜ್ಜತ್ ಪಾಪಡ್. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್‌ರಿಗೆ 2021ರಲ್ಲಿ ಪದ್ಮಶ್ರೀ ಬಂತು. ಈ ಕಥೆಯನ್ನು ಎಲ್ಲ ತರಬೇತುದಾರರೂ ಹೇಳುತ್ತಾರೆ. ನೀವೂ ಹಲವು ಸಲ ಕೇಳಿರಬಹುದು. ಅವರು ಹೇಳದೆ ಬಿಡುವ ಒಂದು ಸಂಗತಿಯಿದೆ. ಲಟ್ಟಿಸುವ ಕೂಲಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ, 'ವಣಾಯಿ' ಎಂದು. ಕೈಕೂಲಿಯನ್ನು ಬದಿಗೆ ತೆಗೆದಿಟ್ಟ ಮೇಲೆಯೇ ಲಾಭದ ಮಾತು. ಲಾಭ ಬಂದರೆ ಅದರಲ್ಲೂ ಎಲ್ಲ ಸದಸ್ಯೆಯರಿಗೆ ಪಾಲಿದೆ. ದಾನ ಬೇಡ, ದುಡಿಮೆಯ ಬೆಲೆ ಸಾಕು ಎಂದು ಅವರು ಮೊದಲಲ್ಲೇ ತೀರ್ಮಾನಿಸಿದರು. ಉಳಿದ ಯಶಸ್ಸೆಲ್ಲ ಆ ತೀರ್ಮಾನದ ಹಿಂದಿನಿಂದ ಬಂದದ್ದು ಎಂಬುದು ನಮ್ಮ ಅಭಿಪ್ರಾಯ.

ಬೆಲೆ ಹೆಚ್ಚು ಕೇಳಲು ನಮ್ಮ ಸಹೋದರಿಯರಿಗೆ ನಾಚಿಕೆ. ಅದು ದುರಾಸೆಯಾದೀತೆಂಬ ಅಳುಕು. ಮದೀನಾದಲ್ಲಿ ಬೆಲೆಯೇರಿದಾಗ ಜನರು ಪ್ರವಾದಿಯವರೊಡನೆ(ಸ) ಬೆಲೆಯನ್ನು ನಿಗದಿಪಡಿಸಬೇಕೆಂದು ಬೇಡಿಕೊಂಡರು. ಅವರು ಅದಕ್ಕೆ ಒಪ್ಪಲಿಲ್ಲ. ಯಾರ ಮೇಲೂ ಅನ್ಯಾಯವಾಗದಿರಲೆಂಬುದೇ ಅವರ ಕಾಳಜಿಯಾಗಿತ್ತು. ಅದೇ ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಅಡಿಯಲ್ಲಿ ಒದ್ದೆಯಾದುದನ್ನು ಕಂಡು, ಅದನ್ನು ಮೇಲಿಡದ ವ್ಯಾಪಾರಿಯನ್ನು ಕಟುವಾಗಿ ಎಚ್ಚರಿಸಿದರು. ಬೂಸರು ಹಿಡಿದ ಹಪ್ಪಳವನ್ನು ಕಟ್ಟಿನ ನಡುವೆ ಸೇರಿಸುವುದು ಪಾಪ. ಒಳ್ಳೆಯ ಹಪ್ಪಳಕ್ಕೆ ತನ್ನ ಕೂಲಿಯನ್ನು ಸೇರಿಸಿ ಬೆಲೆ ಹೇಳುವುದು ಪಾಪವಲ್ಲ.

ಸಾಲ ಕೊಡುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ರಮಝಾನ್‌ನಲ್ಲಿ ಮಹಲ್ಲಿನ ಅರ್ಧ ಮನೆಗಳಿಗೆ ಸಮೋಸ ಹೋಗುವುದು ಕಡವಾಗಿಯೇ. ಪೆರ್ನಾಲ್ ಕಳೆದು ತಿಂಗಳಾದರೂ ಹಣ ಬರುವುದಿಲ್ಲ. ಬರೆದಿಟ್ಟರೆ "ನಮ್ಮ ಮೇಲೆ ನಂಬಿಕೆಯಿಲ್ಲವೇ" ಎಂಬ ಮುನಿಸು ಬೇರೆ. ಕುರ್‌ಆನ್‌ನ ಅತಿ ದೀರ್ಘ ವಚನ ಯಾವುದು? ನಮಾಝ್ ಅಥವಾ ಉಪವಾಸದ ಕುರಿತಾದುದಲ್ಲ. ಅಲ್‌ಬಕರಾ ಅಧ್ಯಾಯದ 282ನೆಯ ವಚನ, ಸಾಲವನ್ನು ಬರೆದಿಡುವ ಕುರಿತಾದುದು. ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದೆಂದೂ ಅಲ್ಲಿ ಆದೇಶವಿದೆ. ಬರೆದಿಟ್ಟ ಸಹೋದರಿ ದೀನ್‌ನ ಆಜ್ಞೆಯನ್ನು ಪಾಲಿಸಿದ್ದಾಳೆ. ಮುನಿಸಿಕೊಂಡವರು ತಾವೇ ಯೋಚಿಸಲಿ.

ಇನ್ನು ಎರಡನೆಯ ನಿರ್ಧಾರಕ್ಕೆ ಬರೋಣ. ನಾವು ಇಂದು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು.

ಮೈಕ್ರೊಫೈನಾನ್ಸ್‌ನವರು ಸಾಲ ಕೊಡುವುದು ಮಹಿಳೆಯರ ಹೆಸರಿಗೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೊಫೈನಾನ್ಸ್ ಸಾಲ. ಕುಟುಂಬದ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಗಮನಿಸಿರಿ, ಅರ್ಹತೆ ಅಳೆಯುವುದು ಕುಟುಂಬದ ಆದಾಯದಿಂದ. ಸಹಿ ಮಾತ್ರ ಆಕೆಯದು. ಅರ್ಜಿಯಲ್ಲಿ 'ಹಪ್ಪಳ ತಯಾರಿಕೆ' ಎಂದು ಬರೆಯಲಾಗುತ್ತದೆ. ಹಣ ಹೋಗುವುದು ಗಂಡನ ರಿಕ್ಷಾದ ರಿಪೇರಿಗೆ, ಮೈದುನನ ವೀಸಾಕ್ಕೆ, ನಾದಿನಿಯ ಮದುವೆಯ ಚಿನ್ನಕ್ಕೆ. ಹೋಗಲಿ, ಮನೆಯ ಅಗತ್ಯ ಎನ್ನೋಣ. ಆದರೆ ವಾರದ ಕಂತಿನ ದಿನ ಬಾಗಿಲಲ್ಲಿ ನಿಂತವನ ಮುಂದೆ ತಲೆತಗ್ಗಿಸಬೇಕಾದವಳು ಯಾರು? ಗುಂಪಿನ ಉಳಿದ ಸದಸ್ಯೆಯರ ಬೈಗುಳ ಕೇಳುವವಳು ಯಾರು? ಆ ದಿನ ಮನೆಯ ಗಂಡಸರಿಗೆ ಪೇಟೆಯಲ್ಲಿ ಏನಾದರೊಂದು ಕೆಲಸವಿರುತ್ತದೆ. 2025ರ ಆರಂಭದಲ್ಲಿ ರಾಜ್ಯದ ಹಲವೆಡೆ ಜನರು ಕಿರುಸಾಲದ ಕಿರುಕುಳಕ್ಕೆ ಮನೆಬಿಟ್ಟು ಹೋದ, ಜೀವ ಕಳೆದುಕೊಂಡ ಸುದ್ದಿಗಳು ಬಂದವು. ಫೆಬ್ರವರಿಯಲ್ಲಿ ಸರಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ಕಾನೂನು ವಸೂಲಿ ಮಾಡುವವನ ಕೈಯನ್ನು ಹಿಡಿಯಬಹುದು. ಸಹಿ ಹಾಕೆಂದು ಮನೆಯೊಳಗೆ ಬಲವಂತಪಡಿಸುವವರ ಕೈಯನ್ನು ಹಿಡಿಯುವವರಾರು?

ಬಡ್ಡಿ ನಿಷಿದ್ಧವೆಂದು ಮಿಂಬರ್‌ನಿಂದ ಹೇಳುವಾಗ ನಾವು ಹೆಂಗಸರನ್ನು ಗದರಿಸುತ್ತೇವೆ: ಸಂಘಗಳ ಸಾಲಕ್ಕೆ ಏಕೆ ಹೋಗುತ್ತೀರಿ? ನಾವು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಆಕೆಯ ಸಹಿಯನ್ನು ಬಳಸಿದವರು ಯಾರು? ಬಡ್ಡಿಯಿಲ್ಲದ ಐದು ಸಾವಿರ ರೂಪಾಯಿಯನ್ನು ಮಹಲ್ಲು ಆಕೆಗೆ ಎಂದಾದರೂ ಕೊಟ್ಟಿದೆಯೇ? ಮಸೀದಿಯ ಮಿನಾರಕ್ಕೆ ಬಣ್ಣ ಬಳಿಯಲು ಒಂದೇ ಶುಕ್ರವಾರದಲ್ಲಿ ಹಣ ಕೂಡಿಸುವ ನಮಗೆ ಇದೇಕೆ ಸಾಧ್ಯವಾಗುವುದಿಲ್ಲ?

ಹಲಾಲ್ ಎಂಬ ಹೆಸರಿದ್ದ ಮಾತ್ರಕ್ಕೆ ನಂಬಬಾರದು ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಕಹಿ ಅನುಭವವಿದೆ. ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಕೂಡಿಟ್ಟ ಹಣ ಕಳೆದುಕೊಂಡವು. ಹೊಲಿಗೆಯ, ಅಡುಗೆಯ, ಪಾಠದ ಹಣವೂ ಅದರಲ್ಲಿತ್ತು. ಅಲ್ಲೂ ಆದದ್ದು ಅದೇ. ಬಡ್ಡಿಯಿಲ್ಲ ಎಂಬ ಒಂದು ಮಾತು ಕೇಳಿ ಲೆಕ್ಕ ಕೇಳುವುದನ್ನು ಬಿಟ್ಟೆವು.

ಸರಕಾರದ ಯೋಜನೆಗಳ ವಿಷಯದಲ್ಲೂ ನಮ್ಮದೊಂದು ತಕರಾರಿದೆ. ಕೇಂದ್ರವು 2020ರ ಜೂನ್‌ನಲ್ಲಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಒಂದು ಯೋಜನೆಯನ್ನು ತಂದಿತು. ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಸ್ವಸಹಾಯ ಗುಂಪಿನ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳ. ಒಳ್ಳೆಯದೇ. ಆದರೆ ಆ ಶೇ. 35ರ ಸಹಾಯಧನವನ್ನು ಬ್ಯಾಂಕಿನ ಸಾಲಕ್ಕೆ ಕಟ್ಟಿಹಾಕಲಾಯಿತು. ಬಡ್ಡಿಯಿಂದ ದೂರವಿರಬೇಕೆನ್ನುವ ಮಹಿಳೆ ತನ್ನ ಉಳಿತಾಯದಿಂದ ರುಬ್ಬುವ ಯಂತ್ರ ಕೊಂಡರೆ ಆಕೆಗೆ ಅದು ದಕ್ಕುವುದಿಲ್ಲ. ರಘುರಾಮ್ ರಾಜನ್ ಸಮಿತಿಯು 2008ರಲ್ಲಿಯೇ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಸ್ವಂತ ಉಳಿತಾಯ ಅಥವಾ ಬಡ್ಡಿರಹಿತ ಸಹಕಾರ ಸಂಘದ ಸಾಲದಿಂದ ಯಂತ್ರ ಕೊಂಡವರಿಗೂ ಸಹಾಯಧನ ಸಿಗಬೇಕೆಂದು ನಾವು ಒತ್ತಾಯಿಸಬೇಕು. ಇದು ಒಂದು ಸಮುದಾಯದ ಬೇಡಿಕೆಯಲ್ಲ. ಸಾಲವೆಂದರೆ ಹೆದರುವ ಎಲ್ಲ ಬಡವರ ಬೇಡಿಕೆ.

ಈಗ ಒಂದು ಸೂಕ್ಷ್ಮ ವಿಷಯ. ಪೊಟ್ಟಣದ ಮೇಲೆ ಹೆಸರು ಹಾಕುವುದೋ ಬೇಡವೋ ಎಂದು ಕೆಲವರು ನಮ್ಮೊಡನೆ ಕೇಳುತ್ತಾರೆ. ಈ ಪ್ರಶ್ನೆ ಅಕಾರಣವಾಗಿ ಹುಟ್ಟಿದ್ದಲ್ಲ. 2022ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ಕಾಪುವಿನ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶ ನಿರಾಕರಿಸಲಾಯಿತು. ಅನಂತರ ಯುಗಾದಿಯ ಹೊತ್ತಿಗೆ ಹಲಾಲ್ ಬಹಿಷ್ಕಾರದ ಕರೆ ಬಂತು. ಸೈದುಮ್ಮನೋ ಶಾರದಮ್ಮನೋ ಎಂದು ನೋಡಿ ಉಪ್ಪಿನಕಾಯಿ ಕೊಳ್ಳುವ ಕಾಲ ಬಂದೀತೆಂಬ ಭಯ ಅಂದು ಹುಟ್ಟಿತು. ಹೆಸರಿಲ್ಲದ ಪೊಟ್ಟಣವನ್ನೇ ಅಂಗಡಿಗೆ ಕೊಟ್ಟು, ಅಂಗಡಿಯವನು ತನ್ನ ಚೀಟಿ ಅಂಟಿಸಿಕೊಳ್ಳಲಿ ಎಂದು ಸುಮ್ಮನಾಗುವುದು ಆ ಭಯದ ಫಲ. ನಷ್ಟ ಮಾಡಿಕೊಳ್ಳಬಾರದೆಂಬ ನಿರ್ಧಾರವೇ ಅದು. ಆಕೆಯನ್ನು ಹೇಡಿ ಎನ್ನಲು ನಾವು ಸಿದ್ಧರಿಲ್ಲ.

ಆದರೂ ಹೆಸರು ಹಾಕಿರಿ ಎಂದೇ ನಮ್ಮ ಸಲಹೆ. ಆಹಾರ ಸುರಕ್ಷತಾ ಕಾಯಿದೆ 2006ರದು. ಅದರ ಪರವಾನಗಿ ಮತ್ತು ನೋಂದಣಿ ನಿಯಮ 2011ರ ಆಗಸ್ಟ್ 5ರಿಂದ ಜಾರಿಗೆ ಬಂತು. ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕೆಂದಾಯಿತು. ಅಂದು ವಾರ್ಷಿಕ ವಹಿವಾಟು 12 ಲಕ್ಷ ಮೀರದವರಿಗೆ ವಿಧಿಸಿದ ಶುಲ್ಕ ವರ್ಷಕ್ಕೆ 100 ರೂಪಾಯಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ ಇರಬೇಕೆಂಬುದು ಎಲ್ಲರಿಗೂ ಸಮಾನವಾದ ನಿಯಮ. ಕೊಂಡವನ ಆರೋಗ್ಯದ ಹೊಣೆಗಾಗಿ ಇರುವಂಥದ್ದು. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯಲ್ಲಿ ಅಂಗಡಿ ಮಾಲಕರು ತಮ್ಮ ಹೆಸರಿನ ಫಲಕ ಹಾಕಬೇಕೆಂದು ಹೊರಡಿಸಿದ ಆದೇಶ ಬೇರೆ ಬಗೆಯದು. ಸುಪ್ರೀಮ್ ಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿ, ಯಾವ ಬಗೆಯ ಆಹಾರವೆಂದು ತಿಳಿಸಿದರೆ ಸಾಕು, ಹೆಸರಿಗೆ ಬಲವಂತಪಡಿಸಬಾರದು ಎಂದಿತು. ಗುರುತಿಸಿ ದೂರವಿಡಲೆಂದು ಬರೆಸುವ ಹೆಸರಿಗೂ, ನಾನು ಮಾಡಿದ್ದಕ್ಕೆ ನಾನೇ ಹೊಣೆ ಎಂದು ಬರೆಯುವ ಹೆಸರಿಗೂ ಅಂತರವಿದೆ. ಇಂದಿನ ಸಭೆಯಲ್ಲಿ ಹಿಂದೂ ಸಹೋದರಿಯರೂ ಕುಳಿತಿದ್ದಾರೆ. ಹಲಸು ಮುಗಿದ ಮನೆಗೆ ಹಲಸು ಕೊಟ್ಟವರು, ಮಳೆ ಬಂದಾಗ ಪರಸ್ಪರರ ಚಾಪೆ ಎತ್ತಿ ಒಳಗಿಟ್ಟವರು ಇವರು. ಬಹಿಷ್ಕಾರದ ಕರೆಗೆ ಉತ್ತರ ಇಂಥ ಅಂಗಳಗಳಲ್ಲಿ ಇದೆ. ನಮ್ಮವರಿಗೆ ಮಾತ್ರ ಮಾರುತ್ತೇವೆ, ನಮ್ಮವರಿಂದ ಮಾತ್ರ ಕೊಳ್ಳುತ್ತೇವೆ ಎಂದು ನಾವೂ ಹೊರಟರೆ, ಅದು ಅವರದೇ ಕರೆಗೆ ನಾವು ಓಗೊಟ್ಟಂತೆ.

ಕೊನೆಯದಾಗಿ, ಬೆಳೆಸುವುದರ ಬಗ್ಗೆ. ಎಲ್ಲರೂ ನಿಮಗೆ 'ವಿಸ್ತರಿಸಿರಿ' ಎಂದು ಹೇಳುತ್ತಾರೆ. ಮಗಳ ಪರೀಕ್ಷೆ ಮುಗಿಯುವ ತನಕ ಹೊಸ ಆರ್ಡರ್ ಬೇಡ ಎಂದು ಒಬ್ಬಾಕೆ ನಿರಾಕರಿಸಿದರೆ ಅದು ಸೋಮಾರಿತನವಲ್ಲ, ಅದೂ ಒಂದು ವ್ಯಾಪಾರದ ನಿರ್ಧಾರ. ಆದರೆ ಬೆಳೆಸಬೇಕೆಂದು ಆಕೆ ಬಯಸಿದಾಗ "ಸಾಕು, ಹೆಣ್ಣು ಪೇಟೆಗೆ ಅಲೆಯುವುದೇಕೆ" ಎಂದು ತಡೆಯುವ ಹಕ್ಕು ನಮಗೆ ಎಲ್ಲಿಂದ ಬಂತು? ಖದೀಜರ(ರ) ವ್ಯಾಪಾರದ ಕಥೆಯನ್ನು ಮೌಲಿದ್ ಸಭೆಗಳಲ್ಲಿ ರಾಗವಾಗಿ ಹೇಳುವವರು ನಾವೇ ಅಲ್ಲವೇ? ಪ್ರವಾದಿಯವರ(ಸ) ಸಂಗಾತಿ ಇಬ್ನು ಮಸ್‌ಊದರ(ರ) ಪತ್ನಿ ತಮ್ಮ ದುಡಿಮೆಯ ಹಣವನ್ನು ಗಂಡನಿಗೂ ಮನೆಯ ಅನಾಥ ಮಕ್ಕಳಿಗೂ ವೆಚ್ಚ ಮಾಡುತ್ತಿದ್ದರು. ಇದು ದಾನವೆನಿಸುತ್ತದೆಯೇ ಎಂದು ಅವರು ಕೇಳಿಸಿದಾಗ, ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿಯವರು(ಸ) ತಿಳಿಸಿದರು. ದಾನ ಎಂದರೇನು? ತನ್ನದಾದುದನ್ನು ಕೊಡುವುದು. ಆಕೆಯ ಹಣ ಆಕೆಯದೇ ಎಂದು ಒಪ್ಪಿದ ಮೇಲೆ ಮಾತ್ರ ಅದು ದಾನವಾಗಬಲ್ಲದು. ಮನೆಯನ್ನು ಪೋಷಿಸುವ ಹೊಣೆ ಶರೀಅತ್‌ನಲ್ಲಿ ಗಂಡನದು. ಹಪ್ಪಳದ ಹಣ ಡಬ್ಬಿಯಲ್ಲಿರುವುದು ಕಂಡು ಅಕ್ಕಿ ತರುವುದನ್ನು ನಿಲ್ಲಿಸಿದ ಗಂಡಂದಿರು ಈ ಸಭೆಯಲ್ಲಿ ಇಲ್ಲವೆಂದು ನಾವು ಭಾವಿಸುತ್ತೇವೆ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಇಂದು ಮನೆಗೆ ಹೋಗುವಾಗ ಹತ್ತು-ಇಪ್ಪತ್ತು ರೂಪಾಯಿಯ ಒಂದು ನೋಟು ಪುಸ್ತಕ ಕೊಂಡುಹೋಗಿರಿ. ಒಂದು ಬದಿಯಲ್ಲಿ ಖರ್ಚು, ಇನ್ನೊಂದು ಬದಿಯಲ್ಲಿ ಮಾರಾಟ. ಖರ್ಚಿನ ಮೊದಲ ಸಾಲಿನಲ್ಲಿ, ಮೆಣಸಿಗಿಂತ ಮೇಲೆ, ಉಪ್ಪಿಗಿಂತ ಮೇಲೆ, ನೀವು ಕುಳಿತ ಗಂಟೆಗಳನ್ನು ಬರೆಯಿರಿ. ಕಡ ಕೊಟ್ಟವರ ಹೆಸರುಗಳು ಹಿಂದಿನ ಪುಟದಲ್ಲಿರಲಿ. ಮನೆಯಲ್ಲಿ ಯಾರಾದರೂ ಸಾಲದ ಅರ್ಜಿ ತಂದು ಸಹಿ ಹಾಕೆಂದರೆ, ಮೊದಲು ಈ ಪುಸ್ತಕ ತೆರೆದು ಅವರ ಮುಂದಿಡಿರಿ. ಕಂತು ಯಾವ ಸಾಲಿನಿಂದ ಬರುತ್ತದೆಂದು ಅವರೇ ತೋರಿಸಲಿ. ಇಲ್ಲಿ ಕುಳಿತಿರುವ ಗಂಡಸರಲ್ಲಿ ನಮ್ಮ ವಿನಂತಿ: ಆ ಪುಸ್ತಕವನ್ನು ನೋಡಬೇಕೆನಿಸಿದರೆ ಕೇಳಿ ನೋಡಿರಿ, ಮತ್ತೆ ಅದನ್ನು ಇದ್ದ ಜಾಗದಲ್ಲೇ ಇಡಿರಿ. ಮಹಲ್ಲಿನ ಜವಾಬ್ದಾರರು ಒಂದು ಸಣ್ಣ ಬಡ್ಡಿರಹಿತ ನಿಧಿಯ ಕುರಿತು ಇಂದು ಅಸರ್‌ನ ನಂತರ ಇಲ್ಲೇ ಕುಳಿತು ಮಾತನಾಡಲಿದ್ದಾರೆ. ಹಲಸು ಬಲಿಯುವ ಮೊದಲು ಅದು ಕೈಗೆ ಬರಬೇಕಾದರೆ ಅರ್ಜಿಗಳು ಈಗಲೇ ಬೇಕು. ಅರ್ಜಿಯನ್ನು ಗಂಡನೋ ಮಗನೋ ತರುವುದು ಬೇಡ. ಹಪ್ಪಳ ಮಾಡುವವರೇ ತಮ್ಮ ಪುಸ್ತಕದೊಂದಿಗೆ ಬರಲಿ.